ಹಾಲೆಂಡಿನ ಪೊಟ್ಟಣ, ಮತ್ತು ಇನ್ನೊಬ್ಬ ರೈಟರು

ಮೊದಲು ಕಾಫಿಯ ವಿಷಯ ಮುಗಿಸಿಬಿಡುತ್ತೇನೆ. ಅದರಲ್ಲಿ ಹೇಳುವುದು ಕಡಿಮೆ. ಪೊಟ್ಟಣ 250 ಗ್ರಾಂ. ಹಾಲೆಂಡಿನ ಐಂಡ್‌ಹೋವೆನ್‌ನಲ್ಲಿ ಕೆಲಸಕ್ಕಿರುವ ಮಗಳು ಕಳುಹಿಸಿದ್ದು, ಜೊತೆಗೊಂದು ಪುಸ್ತಕ. ನಮ್ಮ ಕೊಡಗಿನ ಜಡಿಮಳೆಯ ತಿಂಗಳು ಕಕ್ಕಡದ ನಡುವೆ, ಒಲೆಯ ಮೇಲೆ ಹರಡಿದ ಬಟ್ಟೆಯೂ ಒಣಗದ ವಾರದಲ್ಲಿ ಬಂತು. ಕೊರಿಯರಿನ ಹುಡುಗ ನಮ್ಮ ರಸ್ತೆಯ ಕೆಸರು ನೋಡಿ ಹೆದರಿ ಸುಂಟಿಕೊಪ್ಪ ಪೇಟೆಯ ಗೊಬ್ಬರದಂಗಡಿಯಲ್ಲಿ ಇಟ್ಟು ಹೋದ. ನಾಲ್ಕು ದಿನ ಅದು ಗೊಬ್ಬರದ ಮೂಟೆಯ ಮೇಲೆ ಕುಳಿತಿತ್ತು. ಪುಸ್ತಕಕ್ಕೆ ಇವತ್ತಿಗೂ ಆ ವಾಸನೆ ಇದೆ. ಕಾಫಿಗೆ ಮಾತ್ರ ತಾಗಿರಲಿಲ್ಲ. ಪೊಟ್ಟಣ ಮಾಡಿದವರ ಕೈಕೆಲಸವನ್ನು ಮೆಚ್ಚಬೇಕು.

ಪುಡಿ ನಮ್ಮ ಫಿಲ್ಟರಿಗೆ ತರಿಯಾಯಿತು. ಅಲ್ಲಿನವರು ಕಾಗದದ ಸೋಸುಕದಲ್ಲಿ ಇಳಿಸುತ್ತಾರಂತೆ. ನಮ್ಮ ಹಿತ್ತಾಳೆಯ ಫಿಲ್ಟರಿನಲ್ಲಿ ಬಿಸಿನೀರು ಹೊಯ್ದರೆ ಬಾಗಿಲು ತೆರೆದಿಟ್ಟ ಮನೆಯೊಳಗೆ ಹೋಗಿ ಬಂದ ಹಾಗೆ ಸರ್ರನೆ ಇಳಿದುಹೋಯಿತು. ಡಿಕಾಕ್ಷನ್ ತೆಳು, ನಾಲಿಗೆಯ ತುದಿಗೆ ಸ್ವಲ್ಪ ಹುಳಿ. ಹಾಲು ಬೆರೆಸಿದರೆ ಹಾಲಿನದೇ ರುಚಿ. "ಚಿಕೋರಿ ಇಲ್ಲ, ರೊಬಸ್ಟಾ ಇಲ್ಲ, ಇದಕ್ಕೆ ಮೈಯೇ ಇಲ್ಲವಲ್ಲ" ಎಂದು ನನ್ನ ಹೆಂಡತಿ ಲೋಟ ಕೆಳಗಿಟ್ಟಳು. ನಾನು ಎರಡನೇ ದಿನ ಪಾತ್ರೆಯಲ್ಲೇ ಕುದಿಸಿ, ಬೆಲ್ಲ ಹಾಕಿ, ಹಾಲಿಲ್ಲದೆ ಕುಡಿದೆ. ಹಾಗೆ ಚೆನ್ನಾಗಿತ್ತು. ಮಳೆಗಾಲದ ಸಂಜೆ ನಾಲ್ಕಕ್ಕೆ ಜಗಲಿಯಲ್ಲಿ ಕುಳಿತು ಕುಡಿಯಬಹುದಾದ ಕಾಫಿ. ಅಂಕ ಕೊಡಬೇಕೆಂದರೆ ಐದಕ್ಕೆ ಎರಡೂವರೆ, ಬೆಲ್ಲಕ್ಕೆ ಇನ್ನರ್ಧ. ಬೆಲೆ ಎಷ್ಟೆಂದು ಮಗಳು ಹೇಳಲಿಲ್ಲ, ಪೊಟ್ಟಣದ ಮೇಲೂ ಇಲ್ಲ. ನಮ್ಮಲ್ಲಿನ ಹಾಗೆ ಗರಿಷ್ಠ ಮಾರಾಟ ಬೆಲೆ ಎಂದು ಅಚ್ಚು ಹಾಕುವ ಪದ್ಧತಿ ಅಲ್ಲಿ ಇಲ್ಲವಂತೆ.

ಪೊಟ್ಟಣದ ಹಿಂಬದಿಯಲ್ಲಿ ಒಂದು ಗುರುತಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮ್ಯಾಕ್ಸ್ ಹಾವೆಲಾರ್ ಎಂದಿತ್ತು. ಕಾಫಿ ಕಂಪನಿಯ ಧಣಿ ಇರಬೇಕು ಎಂದುಕೊಂಡೆ. ಫೋನಿನಲ್ಲಿ ಕೇಳಿದರೆ ಮಗಳು ನಕ್ಕಳು.

"ಅಪ್ಪ, ಅದು ಮನುಷ್ಯನಲ್ಲ, ಒಂದು ಕಾದಂಬರಿಯ ನಾಯಕ. ಬರೆದವರು ಒಬ್ಬ ರೈಟರ್."

"ಯಾವ ತೋಟದ ರೈಟರು?"

ತಮಾಷೆಗೆ ಕೇಳಿದ್ದಲ್ಲ, ಬಾಯಿಗೆ ಬಂದದ್ದೇ ಹಾಗೆ. ಹೊರಗಿನವರಿಗೆ ಹೇಳಬೇಕು: ಕೊಡಗಿನ ಕಾಫಿ ತೋಟಗಳಲ್ಲಿ ರೈಟರು ಎಂದರೆ ಚೆಕ್‌ರೋಲ್ ಬರೆಯುವವನು. ಬೆಳಿಗ್ಗೆ ಯಾರು ಕೆಲಸಕ್ಕೆ ಬಂದರು, ಯಾರಿಗೆ ಅರ್ಧ ದಿನ, ಯಾವ ಬ್ಲಾಕಿನಲ್ಲಿ ಮರಗಸಿ (ನೆರಳುಮರದ ಕೊಂಬೆ ಕಡಿಯುವ ಕೆಲಸ), ಯಾವುದರಲ್ಲಿ ಗೊಬ್ಬರ, ಸಂಜೆ ಯಾರ ಹಣ್ಣು ಎಷ್ಟು ಕಿಲೋ, ಇಷ್ಟನ್ನೂ ಪುಸ್ತಕಕ್ಕೆ ಏರಿಸುವವನು. ಮ್ಯಾನೇಜರ್‌ಗಿಂತ ಕೆಳಗೆ, ಮೇಸ್ತ್ರಿಗಿಂತ ಒಂದು ಮೆಟ್ಟಿಲು ಮೇಲೆ. ನಾನು ಮೂವತ್ತೊಂದು ವರ್ಷ ಆ ಕೆಲಸ ಮಾಡಿದವನು. ತೋಟದ ಹೆಸರು ಬೇಡ.

ಪುಸ್ತಕ ಅದೇ ಕಾದಂಬರಿ, ಇಂಗ್ಲಿಷ್ ಅನುವಾದ. ಹೆಸರು 'ಮ್ಯಾಕ್ಸ್ ಹಾವೆಲಾರ್', ಅದಕ್ಕೊಂದು ಬಾಲ: ಡಚ್ ವ್ಯಾಪಾರ ಕಂಪನಿಯ ಕಾಫಿ ಹರಾಜುಗಳು ಎಂದು. ಬರೆದವನು ಎಡ್ವರ್ಡ್ ಡೌವೆಸ್ ಡೆಕ್ಕರ್, ಕಾವ್ಯನಾಮ ಮುಲ್ಟಾಟುಲಿ. ಲ್ಯಾಟಿನ್ನಿನಲ್ಲಿ 'ಬಹಳ ಸಹಿಸಿದ್ದೇನೆ' ಎಂದು ಅರ್ಥ. ಹೆಸರಿನಲ್ಲೇ ದೂರು ಇಟ್ಟುಕೊಂಡ ಮನುಷ್ಯ. ನಾನು ಇಂಗ್ಲಿಷ್ ಓದುವುದು ನಿಧಾನ. ನಿಘಂಟು ಪಕ್ಕಕ್ಕಿಟ್ಟುಕೊಂಡು, ಕಕ್ಕಡ ಕಳೆದು ಕೈಲ್‌ಪೊಳ್ದ್ ಹಬ್ಬ ಬರುವವರೆಗೆ ಓದಿದೆ.

ಕಾಫಿ ಹರಾಜು ಎಂಬ ಮಾತು ಕಂಡಾಗ ನನಗೆ ನೆನಪಾದದ್ದು ನಮ್ಮ ಕಾಫಿ ಮಂಡಳಿಯ ಪೂಲ್. ನಾನು ಕೆಲಸಕ್ಕೆ ಸೇರಿದಾಗ ಬೆಳೆದ ಕಾಫಿಯನ್ನೆಲ್ಲ ಮಂಡಳಿಗೇ ಕೊಡಬೇಕಿತ್ತು. ಅವರು ಹರಾಜು ಹಾಕಿ, ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಕೊಡುತ್ತಿದ್ದರು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಹೂಮಳೆ ಬಿದ್ದು ಗಿಡ ಮತ್ತೆ ಬಿಳಿಯಾಗಿರುತ್ತಿತ್ತು. ತೊಂಬತ್ತರ ದಶಕದಲ್ಲಿ ಅದು ಹೋಯಿತು. ಹಾಗಾಗಿ ಈ ಪುಸ್ತಕದಲ್ಲಿ ಹರಾಜಿನ ಒಳಗುಟ್ಟು ಸಿಗಬಹುದು ಎಂದು ಆಸೆಯಿಂದ ಕುಳಿತೆ.

ಸಿಗಲಿಲ್ಲ. ಇದು ನನ್ನ ಮೊದಲ ತಕರಾರು. ಹೆಸರಿನಲ್ಲಿ ಕಾಫಿ ಇರುವ ಪುಸ್ತಕದಲ್ಲಿ ಕಾಫಿಗಿಡವನ್ನು ಹುಡುಕಬೇಕು. ಶುರುವಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಲೌರಿಯರ್‌ಖ್ರಾಖ್ಟ್ ಕಾಲುವೆಯ 37ನೇ ನಂಬರಿನ ಮನೆಯ ಒಬ್ಬ ಕಾಫಿ ದಲ್ಲಾಳಿ ಬಂದು ಕೂರುತ್ತಾನೆ. ಹೆಸರು ಡ್ರೋಖ್‌ಸ್ಟೊಪ್ಪೆಲ್, ಒಣಗಿದ ಕೂಳೆ ಎಂದು ಅರ್ಥವಂತೆ. ಕವಿತೆ ಎಂದರೆ ಸುಳ್ಳು, ನಾಟಕ ಎಂದರೆ ಸುಳ್ಳು, ದರಪಟ್ಟಿ ಒಂದೇ ಸತ್ಯ ಎನ್ನುವ ಪೈಕಿ. ಅವನ ಹಳೆಯ ಶಾಲಾ ಸ್ನೇಹಿತ, ಕೋಟಿಗೆ ಗತಿಯಿಲ್ಲದೆ ಹೆಗಲಿಗೆ ಶಾಲು ಹೊದ್ದವನು, ಒಂದು ಕಾಗದದ ಗಂಟನ್ನು ತಂದು ಕೊಡುತ್ತಾನೆ. ಅದರಲ್ಲಿ ನೂರೆಂಟು ವಿಷಯ, ನಡುವೆ ಮೆನಾಡೋ ಸೀಮೆಯ ಕಾಫಿ ಬೇಸಾಯದ ಒಂದು ವರದಿ. ದಲ್ಲಾಳಿಗೆ ಬೇಕಾದದ್ದು ಅದೊಂದೇ. ಆದರೆ ಗಂಟು ಬಿಚ್ಚಿ ಪುಸ್ತಕ ಬರೆಯಲು ಅವನು ಕೂರಿಸಿದ ಹುಡುಗ ಬರೆಯುತ್ತಾ ಹೋದದ್ದು ಜಾವಾದ ಒಬ್ಬ ಅಧಿಕಾರಿಯ ಕಥೆ. ಆ ಅಧಿಕಾರಿಯೇ ಹಾವೆಲಾರ್. ಅರ್ಥಾತ್ ಡೆಕ್ಕರ್ ತಾನೇ.

ನಗು ಬರುವ ಪುಸ್ತಕ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಅನ್ಯಾಯದ ಕಥೆ ಎಂದು ಮಗಳು ಹೇಳಿದ್ದಳು. ಡ್ರೋಖ್‌ಸ್ಟೊಪ್ಪೆಲ್‌ನ ಬಾಯಿಗೆ ಸಿಕ್ಕಾಗಲೆಲ್ಲ ನಾನು ಒಬ್ಬನೇ ನಕ್ಕಿದ್ದೇನೆ. ಕುಶಾಲನಗರದಲ್ಲಿ, ಮಡಿಕೇರಿಯಲ್ಲಿ ಅಂಥ ನಾಲ್ಕು ಜನರ ಎದುರು ನಾನು ಕೈಕಟ್ಟಿ ನಿಂತವನು.

ಡೆಕ್ಕರ್‌ನ ಬದುಕು ಇಷ್ಟು. ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ, 1820ರ ಮಾರ್ಚ್ 2ರಂದು. ತಂದೆ ಹಡಗಿನ ಕಪ್ತಾನ. ಹದಿನೆಂಟಕ್ಕೆ ತಂದೆಯ ಹಡಗು ಹತ್ತಿ 1839ರ ಆರಂಭದಲ್ಲಿ ಬಟಾವಿಯಾಕ್ಕೆ, ಅಂದರೆ ಇವತ್ತಿನ ಜಕಾರ್ತಾಕ್ಕೆ ಬಂದ. ಸಿಕ್ಕ ಮೊದಲ ಕೆಲಸ ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿ. ಇದನ್ನು ಓದಿದಾಗ ಪುಸ್ತಕ ಮಡಚಿ ಒಂದು ಲೋಟ ಕಾಫಿ ಕುಡಿದೆ. ನಮ್ಮವನೇ! ಮುಂದೆ ಸುಮಾತ್ರಾದ ನಾಟಾಲ್ ಎಂಬಲ್ಲಿಗೆ ಅಧಿಕಾರಿಯಾಗಿ ಹೋದಾಗ ಅವನ ಖಜಾನೆಯಲ್ಲೇ ಹಣ ಕಡಿಮೆ ಬಿತ್ತು. ಅಮಾನತಾದ. ಕದ್ದವನಲ್ಲ, ಕೈ ಸಡಿಲ, ಲೆಕ್ಕದಲ್ಲಿ ಉಡಾಫೆ ಎಂದು ನನ್ನ ಅಂದಾಜು. ಅಂಥ ಹುಡುಗರು ನನ್ನ ಕೈಕೆಳಗೂ ಇದ್ದರು. ಆಮೇಲೆ ಮದುವೆ, ಮೆನಾಡೋ, ಅಂಬೊಯ್ನಾ, ರಜೆಯ ಮೇಲೆ ಹಾಲೆಂಡ್. ಕೊನೆಗೆ 1856ರ ಜನವರಿಯಲ್ಲಿ ಜಾವಾದ ಪಶ್ಚಿಮ ತುದಿಯ ಲೆಬಾಕ್ ಎಂಬ ಬಡ ಜಿಲ್ಲೆಗೆ ಸಹಾಯಕ ರೆಸಿಡೆಂಟ್, ಅಂದರೆ ಆ ಜಿಲ್ಲೆಯ ಡಚ್ ಅಧಿಕಾರಿ.

ಆ ಇಸವಿಯನ್ನು ನಮ್ಮ ಕಡೆಗೂ ಹೊಂದಿಸಿ ನೋಡಿದೆ. ಫೌಲರ್ ಎಂಬ ಬಿಳಿಯ ಮಡಿಕೇರಿಯಲ್ಲಿ ತೋಟ ಹೊಡೆದದ್ದು 1854ರಲ್ಲಿ. ಇಲ್ಲಿ ಕಾಡು ಕಡಿದು ದೊರೆಗಳ ಕಾಲ ಶುರುವಾಗುವಾಗಲೇ ಅಲ್ಲಿ ಒಬ್ಬ ದೊರೆ ತನ್ನವರ ಮೇಲೆಯೇ ಲೇಖನಿ ಎತ್ತುತ್ತಿದ್ದ.

ಜಾವಾದಲ್ಲಿ 1830ರಿಂದ ಒಂದು ಕಟ್ಟಳೆ. ಹಳ್ಳಿಯವರು ಜಮೀನಿನ ಐದನೇ ಒಂದು ಪಾಲಿನಲ್ಲಿ ಸರ್ಕಾರ ಹೇಳಿದ ಬೆಳೆ ಬೆಳೆದು ಕೊಡಬೇಕು, ಕಾಫಿ, ಕಬ್ಬು, ನೀಲಿ, ಇಲ್ಲವೇ ಮೈಯ ದುಡಿಮೆ ಕೊಡಬೇಕು. ಕಾಗದದ ಮೇಲೆ ಐದನೇ ಒಂದು. ನೆಲದ ಮೇಲೆ ಎಷ್ಟೆಂಬುದು ಅಳೆಯುವವನ ಕೈಯಲ್ಲಿ. ಲೆಬಾಕಿನಲ್ಲಿ ಡೆಕ್ಕರ್ ಕಂಡದ್ದು ಇದಕ್ಕೂ ಆಚೆಯದು. ಡಚ್ಚರು ಊರ ಅರಸು ಮನೆತನದವರನ್ನೇ ರೀಜೆಂಟ್ ಎಂದು ಕೂರಿಸಿ ಅವರ ಮೂಲಕ ಆಳುತ್ತಿದ್ದರು. ಆ ರೀಜೆಂಟ್‌ನ ಕಡೆಯವರು ರೈತರ ಎಮ್ಮೆಕೋಣಗಳನ್ನು ಹಣ ಕೊಡದೆ ಹೊಡೆದುಕೊಂಡು ಹೋಗುತ್ತಿದ್ದರು, ಬಿಟ್ಟಿ ದುಡಿಸುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ಆದರೆ ಮೇಲಕ್ಕೆ ಹೋಗುವ ವರದಿಯಲ್ಲಿ ಸೀಮೆ ಶಾಂತ, ಪ್ರಜೆಗಳು ಸಂತುಷ್ಟ. ಮೇಲಿನವರಿಗೆ ಹಿತವಾಗುವಂತೆ ಕೆಳಗಿನವನು ಬರೆಯುತ್ತಾನೆ, ಅದನ್ನು ನೋಡಿ ಅವನ ಮೇಲಿನವನು ಇನ್ನಷ್ಟು ಹಿತವಾಗಿ ಬರೆಯುತ್ತಾನೆ. ಈ ಭಾಗವನ್ನು ಎರಡು ಸಲ ಓದಿದೆ. ವರದಿ ಬರೆಯುವ ಕೈಯ ಒಳಗನ್ನು ಇಷ್ಟು ಚೆನ್ನಾಗಿ ತೋರಿಸಿದ ಬೇರೆ ಪುಸ್ತಕ ನಾನು ಓದಿಲ್ಲ.

ಡೆಕ್ಕರ್ ಮೂರು ತಿಂಗಳೂ ತಾಳಲಿಲ್ಲ. ರೀಜೆಂಟ್‌ನ ಮೇಲೆ ಲಿಖಿತ ದೂರು ಕೊಟ್ಟ. ಮೇಲಧಿಕಾರಿ ಹಿಂದಕ್ಕೆ ತೆಗೆದುಕೋ ಎಂದ, ಇವನು ಒಪ್ಪಲಿಲ್ಲ. ಗವರ್ನರ್ ಜನರಲ್ ಡೌಮಾರ್ ವಾನ್ ಟ್ವಿಸ್ಟ್ ಬೇರೆ ಕಡೆ ವರ್ಗ ಮಾಡುತ್ತೇನೆ ಎಂದರೆ ರಾಜೀನಾಮೆ ಬಿಸಾಡಿದ. 1856ರ ಏಪ್ರಿಲ್ ಆರಂಭಕ್ಕೆ ಕೆಲಸವಿಲ್ಲದ ಮನುಷ್ಯ. ಮನೆಯಲ್ಲಿ ಹೆಂಡತಿ, ಪುಟ್ಟ ಮಗ. ರೀಜೆಂಟ್ ತನ್ನ ಜಾಗದಲ್ಲೇ ಉಳಿದ.

ಇನ್ನು ನನ್ನ ಕಥೆಗೆ ಬರಲೇಬೇಕು, ಇಲ್ಲದಿದ್ದರೆ ಈ ಪುಸ್ತಕಕ್ಕೆ ನಾನು ಕೊಡುವ ಅಂಕ ನಿಮಗೆ ಅರ್ಥವಾಗುವುದಿಲ್ಲ.

ಒಂದು ಜನವರಿ. ರೊಬಸ್ಟಾ ಕೊಯ್ಲು. ಕೊಯ್ಲಿನ ಕೂಲಿ ಕಿಲೋ ಲೆಕ್ಕ. ಸಂಜೆ ಐದೂವರೆಗೆ ಕಣದ ಪಕ್ಕದ ಹಲಸಿನ ಕೊಂಬೆಗೆ ತಕ್ಕಡಿ ತೂಗುಹಾಕಿ ತೂಕ ಶುರು. ಮೇಸ್ತ್ರಿ ಚೀಲ ಎತ್ತಿ ಕೊಕ್ಕೆಗೆ ಸಿಕ್ಕಿಸುತ್ತಾನೆ, ಮುಳ್ಳು ನಿಲ್ಲುವ ಮೊದಲೇ ಅಂಕಿ ಕೂಗುತ್ತಾನೆ, ನಾನು ಬರೆಯುತ್ತೇನೆ. ಆ ವರ್ಷ ಮ್ಯಾನೇಜರ್ ಚೀಲಕ್ಕೆ ಎರಡು ಕಿಲೋ ಕಡಿತ ಎಂದಿದ್ದರು. ಎಲೆ, ಕಡ್ಡಿ, ಗೋಣಿಯ ತೂಕ. ಬರಿ ಗೋಣಿ ಒಂದು ಕಿಲೋ ಕೂಡ ತೂಗುವುದಿಲ್ಲ. ಎಲೆ ಕಡ್ಡಿಯನ್ನು ಹೆಂಗಸರು ಆರಿಸಿಯೇ ತುಂಬುತ್ತಿದ್ದರು.

ಲೈನ್‌ಮನೆಯಿಂದ, ಅಂದರೆ ತೋಟದ ಕೂಲಿಯವರ ಸಾಲುಮನೆಯಿಂದ, ಬರುತ್ತಿದ್ದ ಒಬ್ಬ ಹೆಂಗಸು, ವಯಸ್ಸು ನಲವತ್ತರ ಮೇಲೆ. ಓದು ಬರಹ ಇಲ್ಲ. ಸೊಂಟಕ್ಕೆ ಒಂದು ಬಾಳೆನಾರು ಸಿಕ್ಕಿಸಿಕೊಂಡಿರುತ್ತಿದ್ದಳು. ಬುಟ್ಟಿ ತುಂಬಿ ಚೀಲಕ್ಕೆ ಸುರಿದಾಗಲೆಲ್ಲ ನಾರಿಗೆ ಒಂದು ಗಂಟು. ಆ ಸಂಜೆ ಅವಳದು ಎರಡು ಚೀಲ, ಮುಳ್ಳು ಎಂಬತ್ತನಾಲ್ಕು ತೋರಿಸಿತು. ನಾನು 80 ಎಂದು ಬರೆದೆ. ಅವಳು ಹತ್ತಿರ ಬಂದು, ಹಣ್ಣಿನ ಅಂಟು ಹಿಡಿದು ಕಪ್ಪಾದ ಬೆರಳನ್ನು ಪುಸ್ತಕದ ಮೇಲಿಟ್ಟಳು. ಸರಿಯಾಗಿ ಅವಳ ಹೆಸರಿನ ಸಾಲಿನಲ್ಲೇ. ಅಕ್ಷರ ಬಾರದವಳಿಗೆ ತನ್ನ ಸಾಲು ಯಾವುದೆಂದು ಗೊತ್ತಿತ್ತು.

"ರೈಟರೇ, ಇಲ್ಲಿ ಏನು ಬರೆದಿರಿ?"

"ಎಂಬತ್ತು."

ಅವಳು ನಾರು ಎತ್ತಿ ಹಿಡಿದಳು. "ಹನ್ನೆರಡು ಗಂಟು. ಬುಟ್ಟಿಗೆ ಏಳು. ನಿಮ್ಮ ಲೆಕ್ಕದಲ್ಲಿ ಅದು ಎಷ್ಟಾಗುತ್ತದೆ?"

ಹನ್ನೆರಡೇಳಲಿ ಎಂಬತ್ತನಾಲ್ಕು ಎಂದು ಒಂದನೇ ತರಗತಿಯ ಮಗುವಿನಂತೆ ಬಾಯಲ್ಲಿ ಹೇಳಿಬಿಟ್ಟೆ. ಹಿಂದೆ ಸಾಲಿನಲ್ಲಿ ನಿಂತವರು ಯಾರೋ ನಕ್ಕರು. ಮ್ಯಾನೇಜರ್ ಜೀಪಿನ ಪಕ್ಕ ನಿಂತಿದ್ದರು. ನಾನು ಮುಂದಿನ ಹೆಸರು ಕೂಗಿದೆ. ಅವಳು ನಾರನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ ಹೊರಟುಹೋದಳು. ಜಗಳವಾಡಲಿಲ್ಲ. ಮರುದಿನವೂ ಕೆಲಸಕ್ಕೆ ಬಂದಳು, ಹೊಸ ನಾರಿನೊಂದಿಗೆ.

ಇಷ್ಟೇ. ದೊಡ್ಡ ಅನ್ಯಾಯವೇನಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮಲಗಿದ ಅನ್ಯಾಯ. ಆ ಕೊಯ್ಲಿನಲ್ಲಿ ಅಂಥ ಸಂಜೆಗಳು ಐವತ್ತರ ಮೇಲಿದ್ದವು.

ಈಗ ಪುಸ್ತಕದ ನಡುವೆ ಒಂದು ಉಪಕಥೆ ಬರುತ್ತದೆ, ಸೈಜಾ ಎಂಬ ಹುಡುಗ, ಅದಿಂದಾ ಎಂಬ ಹುಡುಗಿ. ಹುಡುಗನ ಅಪ್ಪನ ಕೋಣವನ್ನು ಹೊಡೆದುಕೊಂಡು ಹೋಗುತ್ತಾರೆ. ಇನ್ನೊಂದು ಕೊಂಡರೆ ಅದನ್ನೂ. ಅದರಲ್ಲೊಂದು ಕೋಣ ಹುಲಿಯನ್ನು ಕೊಂಬಿನಿಂದ ತಿವಿದು ಕೊಂದು ಹುಡುಗನ ಜೀವ ಉಳಿಸಿದ್ದು. ನಮ್ಮ ಕೊಡಗಿನಲ್ಲಿ ಹುಲಿ ಕೊಂದವನಿಗೆ ನರಿಮಂಗಲ ಮಾಡಿ ಮದುಮಗನ ಹಾಗೆ ಕೂರಿಸುತ್ತಿದ್ದರು. ಅಲ್ಲಿ ಹುಲಿ ಕೊಂದ ಕೋಣ ಮಾಂಸವಾಯಿತು. ಸೈಜಾ ದುಡಿದು ಕೋಣದ ಹಣ ತರುತ್ತೇನೆಂದು ಬಟಾವಿಯಾಕ್ಕೆ ಹೊರಡುವಾಗ ಅದಿಂದಾಳಿಗೆ ಹೇಳುತ್ತಾನೆ: ಪ್ರತಿ ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಂಡಾಗ ನಿನ್ನ ಅಕ್ಕಿ ಕುಟ್ಟುವ ಒರಳಿಗೆ ಒಂದು ಗೀಟು ಕೊರೆ, ಮೂರು ಸಲ ಹನ್ನೆರಡು ಗೀಟಾದಾಗ ನಾನು ಬರುತ್ತೇನೆ.

ಅವನು ಬಂದ. ಗೀಟು ತುಂಬಿರಲಿಲ್ಲ. ಅವಳ ಮನೆಯ ಕೋಣವನ್ನೂ ಒಯ್ದಿದ್ದರು, ಕಂದಾಯ ಕಟ್ಟಲಾಗದ ಅಪ್ಪ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಿದ್ದ. ಮುಂದಿನದನ್ನು ನೀವೇ ಓದಿ.

ಒರಳಿನ ಗೀಟು ಓದುವಾಗ ನನ್ನ ಕಣ್ಣಿಗೆ ಕಂಡದ್ದು ಬಾಳೆನಾರು. ಸರ್ಕಾರದ ಪುಸ್ತಕದಲ್ಲಿ ಒಂದು ಲೆಕ್ಕ, ಹೆಂಗಸಿನ ಒರಳಿನ ಮೇಲೆ ಇನ್ನೊಂದು ಲೆಕ್ಕ. ಎರಡನೆಯದನ್ನು ಮೊದಲನೆಯದಕ್ಕೆ ಏರಿಸಲು ಹೋದವನು ಕೆಲಸ ಕಳೆದುಕೊಂಡ. ಏರಿಸದವನು ಪಿಂಚಣಿಯಿಲ್ಲದಿದ್ದರೂ ಪಿ.ಎಫ್. ತೆಗೆದುಕೊಂಡು ಮನೆಗೆ ಬಂದು, ಈಗ ಜಗಲಿಯಲ್ಲಿ ಕುಳಿತು ವಿಮರ್ಶೆ ಬರೆಯುತ್ತಿದ್ದಾನೆ.

ಡೆಕ್ಕರ್‌ನನ್ನು ದೇವರ ಕೋಣೆಗೆ ಏರಿಸುತ್ತಿಲ್ಲ. ಕೆಲಸ ಬಿಟ್ಟ ಮೇಲೆ ಯುರೋಪಿಗೆ ಹೋಗಿ ಜೂಜಿನ ಮೇಜಿಗೆ ಬಿದ್ದ. ಹೆಂಡತಿ ಟೀನೆ ಮಕ್ಕಳೊಂದಿಗೆ ಅವರಿವರ ಹಂಗಿನಲ್ಲಿ ಬದುಕಿ ಕೊನೆಗೆ 1874ರಲ್ಲಿ ವೆನಿಸ್‌ನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಅವನಿಗೆ ಇನ್ನೊಬ್ಬಳು ಜೊತೆಯಾಗಿದ್ದಳು. ಜಾವಾದ ರೈತನ ಕಣ್ಣೀರು ಕಂಡವನಿಗೆ ಮನೆಯದು ಕಾಣಲಿಲ್ಲ ಎಂದು ನನ್ನ ಹೆಂಡತಿ ಅಲ್ಲೇ ತೀರ್ಪು ಕೊಟ್ಟಳು. ನಾನು ಅಪೀಲು ಹೋಗಲಿಲ್ಲ. ಡಚ್ಚರು ಜಾವಾ ಬಿಟ್ಟು ಹೊರಡಬೇಕು ಎಂದೂ ಅವನು ಹೇಳಿದವನಲ್ಲ. ನ್ಯಾಯವಾಗಿ ಆಳಿ ಎಂದ, ಅಷ್ಟೇ. ಆದರೂ 1859ರ ಚಳಿ ಶುರುವಾಗುವ ಹೊತ್ತಿಗೆ ಬ್ರಸೆಲ್ಸ್‌ನ ಒಂದು ಅಗ್ಗದ ವಸತಿಗೃಹದಲ್ಲಿ ಕುಳಿತು, ಕಿಸೆಯಲ್ಲಿ ಕಾಸಿಲ್ಲದೆ, ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಈ ಪುಸ್ತಕ ಬರೆದು ಮುಗಿಸಿದ. 1860ರಲ್ಲಿ ಅಚ್ಚಾಯಿತು.

ಅದರಲ್ಲೂ ಮೋಸ. ಅಚ್ಚು ಹಾಕಿಸಿಕೊಡುತ್ತೇನೆಂದು ಹಕ್ಕು ಬರೆಸಿಕೊಂಡ ಸಾಹಿತಿ ವಾನ್ ಲೆನ್ನೆಪ್ ಊರುಗಳ ಹೆಸರು ತೆಗೆದು ಚುಕ್ಕಿ ಹಾಕಿದ, ಇಸವಿಗಳನ್ನು ಅಳಿಸಿದ, ಬಡವರ ಕೈಗೆಟುಕದ ಬೆಲೆ ಇಟ್ಟ. ಡೆಕ್ಕರ್ ಕೋರ್ಟಿಗೆ ಹೋಗಿ ಸೋತ. ಹದಿನೈದು ವರ್ಷ ಕಾದು 1875ರ ಮುದ್ರಣದಲ್ಲಿ ಆ ಹೆಸರುಗಳನ್ನು ಮತ್ತೆ ಸೇರಿಸಿದ. ನಾನು ಮೇಲೆ ತೋಟದ ಹೆಸರು ಬೇಡ ಎಂದು ಬರೆದೆನಲ್ಲ, ಆ ಚುಕ್ಕಿಗಳ ಪುಟ ಓದುವಾಗ ಅದು ನೆನಪಾಯಿತು. ಆದರೂ ಬೇಡ.

ಪುಸ್ತಕದ ಕೊನೆಯಲ್ಲಿ ಬರೆದವನೇ ಎದ್ದು ನಿಂತು, ದಲ್ಲಾಳಿಯ ಬಾಯಿ ಮುಚ್ಚಿಸಿ, ಲೇಖನಿಯನ್ನು ತಾನೇ ಕಿತ್ತುಕೊಂಡು ನೇರವಾಗಿ ದೊರೆ ಮೂರನೇ ವಿಲ್ಲೆಮ್‌ಗೆ ಪ್ರಶ್ನೆ ಹಾಕುತ್ತಾನೆ. ಕಲೆಯ ದೃಷ್ಟಿಯಿಂದ ಸರಿಯೋ ತಪ್ಪೋ ಗೊತ್ತಿಲ್ಲ, ನನ್ನ ಮೈ ಜುಮ್ಮೆಂದಿತು. ಹಾಲೆಂಡಿನಲ್ಲಿ ದೊಡ್ಡ ಗದ್ದಲವಾಯಿತು. ಅವನ ಕೆಲಸ ಮಾತ್ರ ಹಿಂದಕ್ಕೆ ಬರಲಿಲ್ಲ. ಜರ್ಮನಿಯಲ್ಲಿ ನೆಲೆಸಿ 1887ರ ಫೆಬ್ರವರಿ 19ರಂದು ಅಲ್ಲೇ ಸತ್ತ. ಉಬ್ಬಸದ ಮನುಷ್ಯ. ಗೋಥಾ ಎಂಬಲ್ಲಿ ಸುಟ್ಟರು. ಡಚ್ಚರ ಪೈಕಿ ಸತ್ತ ಮೇಲೆ ಹಾಗೆ ದಹನವಾದ ಮೊದಲಿಗ ಅವನೇ ಅಂತೆ. ಕಡ್ಡಾಯ ಬೇಸಾಯವನ್ನು ಸರ್ಕಾರ ಒಂದೊಂದೇ ಬೆಳೆಯಾಗಿ ಕೈಬಿಟ್ಟಿತು. ಕಾಫಿಯನ್ನು ಬಿಟ್ಟದ್ದು ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತನೇ ಶತಮಾನ ಹುಟ್ಟಿದ ಮೇಲೆ. ಹಣ ಬರುವ ಗಿಡವನ್ನು ಯಾರು ಬೇಗ ಬಿಡುತ್ತಾರೆ?

ಮತ್ತೆ ಪೊಟ್ಟಣಕ್ಕೆ. 1988ರಲ್ಲಿ ಹಾಲೆಂಡಿನಲ್ಲಿ ನ್ಯಾಯದ ಬೆಲೆಯ ಕಾಫಿಗೆ ಒಂದು ಗುರುತು ಮಾಡಿ, ಅದಕ್ಕೆ ಈ ಹಾವೆಲಾರ್‌ನ ಹೆಸರಿಟ್ಟರು. ಮೊದಲು ಬಂದದ್ದು ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿ. ಮಾರುಕಟ್ಟೆ ಎಷ್ಟೇ ಬಿದ್ದರೂ ಒಂದು ಕನಿಷ್ಠ ಬೆಲೆ, ಅದರ ಮೇಲೆ ಸಂಘಕ್ಕೆ ಸ್ವಲ್ಪ ಹೆಚ್ಚಿನ ಹಣ. ಒಳ್ಳೆಯ ಏರ್ಪಾಡು. ಎರಡು ಸಾವಿರದ ಇಸವಿಯ ನಂತರದ ಮೂರು ನಾಲ್ಕು ವರ್ಷ ರೊಬಸ್ಟಾ ಚೆರ್ರಿ ಕೊಯ್ದ ಕೂಲಿಗೂ ಗಿಟ್ಟದೆ ಗಿಡದಲ್ಲೇ ಒಣಗಿದ್ದನ್ನು ಕಂಡವನು ನಾನು. ಕನಿಷ್ಠ ಬೆಲೆ ಎಂಬ ಮಾತಿನ ತೂಕ ನನಗೆ ಗೊತ್ತು.

ಆದರೆ ಮಗಳಿಂದ ಓದಿಸಿ ಕೇಳಿದಾಗ ತಿಳಿದದ್ದು: ಕಾಫಿಯಲ್ಲಿ ಈ ಗುರುತು ಕೊಡುವುದು ಸಣ್ಣ ಬೆಳೆಗಾರರ ಸಂಘಗಳಿಗೆ, ಕೂಲಿ ಇಟ್ಟು ನಡೆಸುವ ದೊಡ್ಡ ತೋಟಗಳಿಗಲ್ಲ. ಬೆಳೆಗಾರನ ದೃಷ್ಟಿಯಿಂದ ನೋಡಿದರೆ ಅದು ಸರಿಯೇ. ಹಲಸಿನ ಕೊಂಬೆಯ ತಕ್ಕಡಿಯ ಹತ್ತಿರ ಮಾತ್ರ ಈ ಹೆಸರು ಯಾವತ್ತೂ ಬರುವುದಿಲ್ಲ. ಲೆಬಾಕಿನಲ್ಲಿ ಡೆಕ್ಕರ್ ನಿಂತದ್ದು ಅಂಥ ಜಾಗದಲ್ಲೇ. ಪುಸ್ತಕದೊಳಗೆ ಕಾಫಿ ವ್ಯಾಪಾರ ಮಾಡುವವನು ಹಾವೆಲಾರ್ ಅಲ್ಲ, ಡ್ರೋಖ್‌ಸ್ಟೊಪ್ಪೆಲ್. ಪೊಟ್ಟಣದ ಮೇಲೆ ಯಾರ ಹೆಸರನ್ನಾದರೂ ಹಾಕುವುದಿದ್ದರೆ ಲೆಕ್ಕಕ್ಕೆ ಅವನದೇ ಸರಿ. ಆದರೆ ಒಣಗಿದ ಕೂಳೆ ಎಂಬ ಹೆಸರಿನ ಕಾಫಿಯನ್ನು ಯಾರು ಕೊಳ್ಳುತ್ತಾರೆ?

ಇನ್ನೊಂದು ಸಂಗತಿ, ಯಾರಿಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಜಾವಾಕ್ಕೆ ಕಾಫಿ ಹೋದದ್ದು ನಮ್ಮ ಘಟ್ಟದ ಕೆಳಗಿನ ಮಲಬಾರ್ ತೀರದಿಂದ. ಡಚ್ಚರು 1696ರಲ್ಲಿ ಒಯ್ದ ಸಸಿಗಳು ನೆರೆಯಲ್ಲಿ ಕೊಚ್ಚಿಹೋಗಿ, 1699ರಲ್ಲಿ ಮತ್ತೆ ಒಯ್ದರು. ಮುಂದೆ ಎಲೆತುಕ್ಕು ರೋಗ ಬಂದು ಜಾವಾದ ಅರೇಬಿಕಾ ಕೆಟ್ಟಾಗ ಅಲ್ಲಿಗೆ ರೊಬಸ್ಟಾ ಸಸಿ ಹೋದದ್ದು ಬ್ರಸೆಲ್ಸ್‌ನ ಒಂದು ನರ್ಸರಿಯಿಂದ. ಡೆಕ್ಕರ್ ಕುಳಿತು ಬರೆದ ಅದೇ ಊರು. ನನ್ನ ಅಂಗಳದ ಬೇಲಿಯ ಆಚೆಗೆ ನಿಂತಿರುವುದೂ ರೊಬಸ್ಟಾ.

ಪುಸ್ತಕವನ್ನು ಒಂದು ವಸ್ತುವಾಗಿ ನೋಡಿದರೆ: ಅಕ್ಷರ ಸಣ್ಣದು, ಕನ್ನಡಕ ಇದ್ದರೂ ಸಂಜೆ ಐದರ ಮೇಲೆ ಆಗುವುದಿಲ್ಲ. ಅಂಟಿನ ಬೈಂಡಿಂಗ್ ಕೊಡಗಿನ ಮಳೆಗಾಲಕ್ಕೆ ತಡೆಯಲಿಲ್ಲ, ನೂರನೇ ಪುಟದ ಹತ್ತಿರ ಎರಡು ಹಾಳೆ ಕೈಗೇ ಬಂತು. ರಟ್ಟಿನ ಮೇಲೆ ಬೂಷ್ಟು. ಹಿಂದೆ ಕೊಟ್ಟ ಟಿಪ್ಪಣಿಗಳು ತುಂಬಾ ಉಪಯೋಗ. ನಡುವೆ ಐವತ್ತರವತ್ತು ಪುಟ ಹಾವೆಲಾರ್ ಊಟದ ಮೇಜಿನಲ್ಲಿ ಕುಳಿತು ಮಾತಾಡುತ್ತಲೇ ಇರುತ್ತಾನೆ; ಅಲ್ಲಿ ತಾಳ್ಮೆ ಬೇಕು, ಇಲ್ಲವೇ ಹಾರಿಸಿ. ಸೈಜಾ ಎಲ್ಲಿ ಸಾಯುವೆನೋ ತಿಳಿಯೆ ಎಂದು ಹಾಡುವ ಪದ್ಯವನ್ನು ಮಾತ್ರ ಹಾರಿಸಬೇಡಿ. ಮಗಳಿಂದ ಅದನ್ನು ಡಚ್ಚಿನಲ್ಲಿ ಫೋನಿನಲ್ಲಿ ಓದಿಸಿ ಕೇಳಿದೆ. ಒಂದು ಶಬ್ದ ತಿಳಿಯದಿದ್ದರೂ ಲಯ ಸಿಕ್ಕಿತು, ಭತ್ತ ಕುಟ್ಟುವಾಗಿನ ಹಾಡಿನ ಹಾಗೆ ಒಂದೇ ಸಾಲಿಗೆ ಮತ್ತೆ ಮತ್ತೆ ಮರಳುತ್ತದೆ.

ಅಂಕ ನಾಲ್ಕೂವರೆ. ಅರ್ಧ ಕಡಿತ ಟೀನೆಯ ಲೆಕ್ಕಕ್ಕೆ, ಹೆಂಡತಿಯ ಆಜ್ಞೆ.

ಓದಬೇಕೆನ್ನುವವರು ಮನೆಗೆ ಬಂದು ಒಯ್ಯಬಹುದು. ಬಿಟ್ಟ ಎರಡು ಹಾಳೆಯನ್ನು ಗಂಜಿ ಹಾಕಿ ಅಂಟಿಸಿದ್ದೇನೆ, ಹುಷಾರಾಗಿ ತಿರುವಬೇಕು, ಮುಂದಿನ ಮಳೆಗಾಲದೊಳಗೆ ವಾಪಸು ತರಬೇಕು. ಯಾರು ಯಾವಾಗ ಒಯ್ದರೆಂದು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಹಳೆಯ ಅಭ್ಯಾಸ. ಕಾಫಿ ಮುಗಿದಿದೆ. ಖಾಲಿ ಪೊಟ್ಟಣ ಗಟ್ಟಿಯಾಗಿದ್ದರಿಂದ ನನ್ನ ಹೆಂಡತಿ ಅದರಲ್ಲಿ ಏಲಕ್ಕಿ ತುಂಬಿ ಮೇಲಿನ ಅಟ್ಟಣಿಗೆಯಲ್ಲಿ ಇಟ್ಟಿದ್ದಾಳೆ.